ಡಿಕ್ಕಿಯೊಳಗಿನ ಪೆಟ್ಟಿಗೆ ಯಾರ ಕಿವಿಗೆ?

ಮಳೆಗಾಲ ಮುಗಿದು ಅಡಿಕೆ ಕೊಯ್ಲು ಮೊದಲಾಗುವ ಹೊತ್ತಿಗೆ ಮಲೆನಾಡಿನ ಇರುಳಿಗೆ ಹೊಸದೊಂದು ಸದ್ದು ಬಂದು ಸೇರುತ್ತದೆ. ವಾರದ ಕೊನೆಗೆ ಬಂದ ಕಾರೊಂದು ಗುಡ್ಡದ ನೆತ್ತಿಯಲ್ಲಿ ನಿಲ್ಲುತ್ತದೆ. ಹಿಂಬಾಗಿಲು ಮೇಲಕ್ಕೇಳುತ್ತದೆ. ಹಾಡು ಯಾವುದು, ಅದರ ಭಾಷೆ ಯಾವುದು ಎಂಬುದು ಕೆಳಗಿನ ಊರಿನವರಿಗೆ ತಿಳಿಯುವುದಿಲ್ಲ. ಅವರಿಗೆ ಕೇಳಿಸುವುದು ಒಂದೇ ಸಮನೆ ಬೀಳುವ ‘ಧಂ, ಧಂ’ ಎಂಬ ಗುದ್ದು ಮಾತ್ರ. ಅದು ಕಿವಿಗಿಂತ ಮೊದಲು ಎದೆಗೆ ತಾಕುತ್ತದೆ. ಅಟ್ಟದ ಮೇಲಿನ ಪಾತ್ರೆಗಳು ಸಣ್ಣಗೆ ನಡುಗುತ್ತವೆ. ಆಗತಾನೆ ಮಲಗಿದ ಕೂಸು ಎದ್ದು ಅಳುತ್ತದೆ. ಹತ್ತನೆಯ ತರಗತಿಯ ಪರೀಕ್ಷೆಗೆ ಓದುತ್ತಿದ್ದ ಹುಡುಗಿ ಪುಸ್ತಕ ಮಡಚಿಡುತ್ತಾಳೆ.

ಇದನ್ನು ಪೇಟೆಯವರ ಹಾವಳಿ ಎಂದು ಬೈದು ಸುಮ್ಮನಾಗುವುದು ಸುಲಭ. ಆದರೆ ಆ ಸದ್ದು ಹೊರಡುವ ಮರದ ಪೆಟ್ಟಿಗೆ ಪೇಟೆಯಿಂದಲೇ ಬಂದುದಾಗಿರಬೇಕೆಂದಿಲ್ಲ. ಮಲೆನಾಡಿನ ತಾಲ್ಲೂಕು ಕೇಂದ್ರಗಳಲ್ಲಿಯೂ ಅಂಥ ಪೆಟ್ಟಿಗೆಗಳು ತಯಾರಾಗುತ್ತಿವೆ. ಅವುಗಳನ್ನು ಮಾಡುವವರು ಇಲ್ಲಿಯ ಹುಡುಗರೇ. ಬಡಗಿಯ ಅಳತೆ, ಎಲೆಕ್ಟ್ರಿಷಿಯನ್ನನ ತಿಳಿವಳಿಕೆ, ಸಂಗೀತದ ಕಿವಿ ಮೂರೂ ಕೂಡಿದರೆ ಮಾತ್ರ ಕೈಗೂಡುವ ಕೆಲಸ ಅದು. ಕಾಲೇಜು ಬಿಟ್ಟು ಊರಿನಲ್ಲಿಯೇ ಉಳಿದ ಹುಡುಗನೊಬ್ಬ ಈ ವಿದ್ಯೆಯಿಂದ ಅನ್ನ ಸಂಪಾದಿಸುತ್ತಿದ್ದರೆ ಅದು ಮೆಚ್ಚತಕ್ಕ ಸಂಗತಿಯೇ ಹೊರತು ಹೀಗಳೆಯತಕ್ಕದ್ದಲ್ಲ.

ಆದ್ದರಿಂದ ಕಾರಿನಲ್ಲಿ ಸಬ್‌ವೂಫರ್ ಇರಬೇಕೇ ಬೇಡವೇ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ಅದರ ಪೆಟ್ಟಿಗೆಯನ್ನು ಯಾರ ಕಿವಿಗಾಗಿ ಕಟ್ಟಬೇಕು ಎಂಬುದು ಪ್ರಶ್ನೆ. ಕಾರಿನೊಳಗೆ ಕುಳಿತವರಿಗಾಗಿ ಕಟ್ಟುವ ಪೆಟ್ಟಿಗೆ ಬೇರೆ. ಕಣಿವೆಗೆಲ್ಲ ಕೇಳಿಸಲೆಂದು ಕಟ್ಟುವ ಪೆಟ್ಟಿಗೆ ಬೇರೆ. ಮೊದಲನೆಯದನ್ನು ವಿಜ್ಞಾನವೂ ಒಪ್ಪುತ್ತದೆ, ನೆರೆಯವರೂ ಒಪ್ಪುತ್ತಾರೆ. ಎರಡನೆಯದನ್ನು ಇಬ್ಬರೂ ಒಪ್ಪುವುದಿಲ್ಲ.

ಪೆಟ್ಟಿಗೆ ಏಕೆ ಬೇಕು?

ಸ್ಪೀಕರಿನ ಕೋನ್ ಮುಂದಕ್ಕೆ ಚಲಿಸಿದಾಗ ಅದರ ಎದುರಿನ ಗಾಳಿ ಒತ್ತಲ್ಪಡುತ್ತದೆ. ಅದೇ ಕ್ಷಣದಲ್ಲಿ ಬೆನ್ನ ಹಿಂದಿನ ಗಾಳಿ ತೆಳುವಾಗುತ್ತದೆ. ಮಂದ್ರ ಧ್ವನಿಯ ಅಲೆಗಳು ಬಹಳ ಉದ್ದವಾದವು. 50 ಹರ್ಟ್ಸ್‌ನ ಒಂದು ಅಲೆ ಸುಮಾರು 7 ಮೀಟರ್ ಉದ್ದವಿರುತ್ತದೆ. ಇಷ್ಟು ಉದ್ದದ ಅಲೆ ಅಂಗೈಯಗಲದ ಸ್ಪೀಕರನ್ನು ಸುತ್ತಿ ಬರುವುದು ಕಷ್ಟವಲ್ಲ. ಮುಂದಿನ ಒತ್ತಡ ಹಿಂದಿನ ತೆರವನ್ನು ತುಂಬಿಬಿಡುತ್ತದೆ. ಸದ್ದು ಹುಟ್ಟಿದಲ್ಲಿಯೇ ಸಾಯುತ್ತದೆ. ಪೆಟ್ಟಿಗೆಯಿಲ್ಲದ ಸಬ್‌ವೂಫರ್ ಎಷ್ಟು ಬೆಲೆಯದಾದರೂ ಬಡಕಲಾಗಿ ಕೇಳಿಸುವುದು ಇದರಿಂದಲೇ. ಪೆಟ್ಟಿಗೆಯ ಮೊದಲ ಕೆಲಸ ಹಿಂದಿನ ಗಾಳಿಯನ್ನು ಮುಂದಿನ ಗಾಳಿಯಿಂದ ಬೇರ್ಪಡಿಸುವುದು.

ಎರಡನೆಯ ಕೆಲಸ ಇದಕ್ಕಿಂತ ಸೂಕ್ಷ್ಮವಾದದ್ದು. ಎಲ್ಲ ಕಡೆ ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿ ಸ್ಪ್ರಿಂಗಿನಂತೆ ವರ್ತಿಸಿ ಕೋನನ್ನು ಅದರ ಸ್ಥಾನಕ್ಕೆ ಮರಳಿಸುತ್ತದೆ. ಗಾಳಿಯ ಈ ಗುಣವನ್ನೇ ಬಳಸಿಕೊಂಡು ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ಪುಟ್ಟ ಪೆಟ್ಟಿಗೆಯಿಂದ ಗಂಭೀರವಾದ ಮಂದ್ರವನ್ನು ಹೊರಡಿಸಿ ತೋರಿಸಿದರು. ಬಾಯಿಯಿರುವ ಪೆಟ್ಟಿಗೆಯ ಲೆಕ್ಕಾಚಾರವನ್ನು ಆಸ್ಟ್ರೇಲಿಯದ ನೆವಿಲ್ ಥೀಲ್ 1961ರಲ್ಲಿ ಪ್ರಕಟಿಸಿದರು. ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿದ ರಿಚರ್ಡ್ ಸ್ಮಾಲ್ 1970ರ ದಶಕದ ಆರಂಭದಲ್ಲಿ ಅದನ್ನು ಬೆಳೆಸಿದರು. ಇಂದು ಸ್ಪೀಕರಿನ ಡಬ್ಬದ ಮೇಲೆ ಮುದ್ರಿತವಾಗಿರುವ ಅಂಕಿಗಳು ಇವರಿಬ್ಬರ ಹೆಸರಿನವೇ. ಅವು ಇದ್ದರೆ ಪೆಟ್ಟಿಗೆಯ ಗಾತ್ರವನ್ನು ಊಹಿಸಬೇಕಾಗಿಲ್ಲ, ಪಿ.ಯು.ಸಿ. ವಿದ್ಯಾರ್ಥಿಯೂ ಲೆಕ್ಕ ಹಾಕಬಹುದು.

ಒಂದು ಉದಾಹರಣೆ. 10 ಇಂಚಿನ ಸ್ಪೀಕರೊಂದರ ಸಹಜ ಕಂಪನ 30 ಹರ್ಟ್ಸ್, ಅದರ ಬಿಗಿತಕ್ಕೆ ಸಮನಾದ ಗಾಳಿಯ ಗಾತ್ರ 60 ಲೀಟರ್, ಕ್ಯೂ ಅಂಕಿ 0.45 ಎಂದಿರಲಿ. ಅದನ್ನು 30 ಲೀಟರಿನ ಮುಚ್ಚಿದ ಪೆಟ್ಟಿಗೆಯಲ್ಲಿ ಕೂರಿಸಬೇಕಾಗಿದೆ. 60ನ್ನು 30ರಿಂದ ಭಾಗಿಸಿ 1 ಕೂಡಿಸಿದರೆ 3. ಅದರ ವರ್ಗಮೂಲ 1.73. ಇದರಿಂದ ಗುಣಿಸಿದಾಗ ಕಂಪನ 52 ಹರ್ಟ್ಸ್‌ಗೂ ಕ್ಯೂ ಅಂಕಿ 0.78ಕ್ಕೂ ಏರುತ್ತವೆ. ಕ್ಯೂ 0.7ರ ಆಸುಪಾಸಿನಲ್ಲಿದ್ದರೆ ಧ್ವನಿ ಸಮವಾಗಿರುತ್ತದೆ; 1ನ್ನು ದಾಟಿದರೆ ಒಂದೇ ಸ್ವರ ಗುಂಯ್‌ಗುಟ್ಟುತ್ತದೆ. ಆದ್ದರಿಂದ 30 ಲೀಟರ್ ಈ ಸ್ಪೀಕರಿಗೆ ತಕ್ಕ ಗಾತ್ರ. ಒಳಗಿನ ಅಳತೆ 45, 30, 22.5 ಸೆಂಟಿಮೀಟರ್ ಇಟ್ಟುಕೊಂಡರೆ 30 ಲೀಟರಿಗಿಂತ ತುಸು ಹೆಚ್ಚೇ ಸಿಗುತ್ತದೆ. ಸ್ಪೀಕರಿನ ಅಯಸ್ಕಾಂತ ತಿನ್ನುವ ಜಾಗಕ್ಕೆಂದು ಒಂದೆರಡು ಲೀಟರ್ ಸೇರಿಸಿಕೊಂಡರಾಯಿತು.

ಕಾರಿನ ಕೋಣೆಯ ಉಪಕಾರ

52 ಹರ್ಟ್ಸ್‌ನ ಕೆಳಗೆ ಈ ಪೆಟ್ಟಿಗೆಯ ಧ್ವನಿ ಇಳಿಯತೊಡಗುತ್ತದೆ. ಮುಚ್ಚಿದ ಪೆಟ್ಟಿಗೆಗಳ ನಿಯಮವೇ ಹಾಗೆ: ಕಂಪನಸಂಖ್ಯೆ ಅರ್ಧಕ್ಕಿಳಿದಾಗ ಧ್ವನಿಮಟ್ಟ 12 ಡೆಸಿಬೆಲ್ ಕುಸಿಯುತ್ತದೆ. ಮನೆಯ ದೊಡ್ಡ ಜಗುಲಿಯಲ್ಲಿಟ್ಟರೆ ಇದೊಂದು ಕೊರತೆ. ಆದರೆ ಕಾರಿನೊಳಗೆ ನಡೆಯುವುದು ಬೇರೆ. ಕಾರಿನ ಒಳಗಿನ ಉದ್ದ ಎರಡೂವರೆ ಮೀಟರ್ ಎಂದಿಟ್ಟುಕೊಂಡರೆ ಸುಮಾರು 70 ಹರ್ಟ್ಸ್‌ಗಿಂತ ಕೆಳಗಿನ ಅಲೆಯ ಅರ್ಧಭಾಗವೂ ಅದರೊಳಗೆ ಹಿಡಿಸುವುದಿಲ್ಲ. ಅಲ್ಲಿ ಅಲೆ ಓಡಾಡುವುದಿಲ್ಲ; ಇಡೀ ಕೋಣೆಯ ಗಾಳಿ ಒಮ್ಮೆಗೇ ಒತ್ತಲ್ಪಟ್ಟು ಒಮ್ಮೆಗೇ ಸಡಿಲಗೊಳ್ಳುತ್ತದೆ. ಇದರ ಫಲವಾಗಿ ಕಂಪನಸಂಖ್ಯೆ ಅರ್ಧಕ್ಕಿಳಿದಾಗ ಧ್ವನಿಮಟ್ಟ 12 ಡೆಸಿಬೆಲ್‌ವರೆಗೆ ಏರುತ್ತದೆ. ಕಿಟಕಿಯ ಸಂದು, ತಗಡಿನ ಬಾಗುವಿಕೆಗಳಿಂದ ಸ್ವಲ್ಪ ಕಡಿಮೆಯಾದೀತು, ಅಷ್ಟೆ.

ಪೆಟ್ಟಿಗೆ ಕಳೆದುಕೊಂಡದ್ದನ್ನು ಕಾರಿನ ಕೋಣೆ ಮರಳಿ ಕೊಡುತ್ತದೆ. ಒಂದರ ಇಳಿತಕ್ಕೆ ಇನ್ನೊಂದರ ಏರಿಕೆ ಜೋಡಿಯಾಗಿ ಕೂರುತ್ತದೆ. ಹೀಗಾಗಿ ಕಾರಿಗೆ ದೊಡ್ಡ ಪೆಟ್ಟಿಗೆ ಬೇಕಾಗಿಲ್ಲ, ಸಾವಿರಾರು ವ್ಯಾಟಿನ ಆಂಪ್ಲಿಫೈಯರೂ ಬೇಕಾಗಿಲ್ಲ. ಬಾಗಿಲು ಮುಚ್ಚಿದ ಕಾರಿನಲ್ಲಿ 10 ಇಂಚಿನ ಒಂದು ಸ್ಪೀಕರ್, 30 ಲೀಟರಿನ ಒಂದು ಪೆಟ್ಟಿಗೆ, 200–300 ವ್ಯಾಟಿನ ಒಂದು ಆಂಪ್ಲಿಫೈಯರ್ ಇದ್ದರೆ ಮೃದಂಗದ ಎಡದ ಗುಮುಕಿಯೂ ತಂಬೂರಿಯ ಮಂದ್ರವೂ ಘನವಾಗಿ ಒದಗುತ್ತವೆ.

ಹಿಂಬಾಗಿಲು ತೆರೆದ ಕೂಡಲೇ ಈ ಉಪಕಾರ ಮಾಯವಾಗುತ್ತದೆ. ಕಳೆದುಹೋದ 12 ಡೆಸಿಬೆಲ್ಲನ್ನು ವಿದ್ಯುತ್ತಿನಿಂದ ತುಂಬಿಕೊಡಬೇಕಾದರೆ 16 ಪಟ್ಟು ವ್ಯಾಟ್ ಬೇಕು. 300 ಇದ್ದಲ್ಲಿ 4,800. 300 ವ್ಯಾಟಿನ ಆಂಪ್ಲಿಫೈಯರ್ ಪೂರ್ಣ ದುಡಿದಾಗ 12 ವೋಲ್ಟಿನ ಬ್ಯಾಟರಿಯಿಂದ ಸುಮಾರು 30 ಆಂಪಿಯರ್ ಎಳೆಯುತ್ತದೆ. 4,800 ವ್ಯಾಟ್ ಎಂದರೆ ಹತ್ತಿರಹತ್ತಿರ 500 ಆಂಪಿಯರ್. ಯಾವ ಸಣ್ಣ ಕಾರಿನ ಆಲ್ಟರ್ನೇಟರೂ ಅದರ ಹತ್ತಿರ ಸುಳಿಯಲಾರದು. ಆದ್ದರಿಂದಲೇ ಬಯಲಿಗೆ ಸದ್ದು ಹೊರಡಿಸಬೇಕೆನ್ನುವವರು ಬಾಯಿಯಿರುವ ದೊಡ್ಡ ಪೆಟ್ಟಿಗೆಗಳನ್ನು, 15 ಇಂಚಿನ ಜೋಡಿ ಸ್ಪೀಕರುಗಳನ್ನು, ಹೆಚ್ಚುವರಿ ಬ್ಯಾಟರಿಯನ್ನು ಹೇರಿಕೊಳ್ಳುತ್ತಾರೆ. ಎಂಜಿನ್ ನಿಲ್ಲಿಸದೆ ಗಂಟೆಗಟ್ಟಲೆ ಇಂಧನ ಸುಡುತ್ತಾರೆ. ಕಿವಿಗೆ ಸಿಗುವ ಸುಖ ಮುಚ್ಚಿದ ಕಾರಿನಲ್ಲಿ ಸಿಗುವುದಕ್ಕಿಂತ ಹೆಚ್ಚಿನದೇನಲ್ಲ. ಹೆಚ್ಚಾಗುವುದು ಕೇಳಬಯಸದವರ ಸಂಖ್ಯೆ.

ಮಾಪಕಕ್ಕೆ ಕೇಳಿಸದ ಗುದ್ದು

ಹಾಡು ಕೇಳಿಸದೆ ಗುದ್ದು ಮಾತ್ರ ಏಕೆ ಕೇಳಿಸುತ್ತದೆ? ತಾರಸ್ವರಗಳನ್ನು ಗಾಳಿಯೇ ಹೀರಿಕೊಳ್ಳುತ್ತದೆ. 4,000 ಹರ್ಟ್ಸ್‌ನ ಸದ್ದು ಒಂದು ಕಿಲೋಮೀಟರ್ ಸಾಗುವಷ್ಟರಲ್ಲಿ ಗಾಳಿಯ ಹೀರುವಿಕೆಯೊಂದರಿಂದಲೇ 20 ಡೆಸಿಬೆಲ್‌ಗೂ ಹೆಚ್ಚು ಕಳೆದುಕೊಳ್ಳುತ್ತದೆ. 50–60 ಹರ್ಟ್ಸ್‌ನ ಸದ್ದು ಅದೇ ದೂರದಲ್ಲಿ ಕಳೆದುಕೊಳ್ಳುವುದು ಒಂದು ಡೆಸಿಬೆಲ್ಲಿನ ಸಣ್ಣ ಭಾಗವನ್ನು ಮಾತ್ರ. 7 ಮೀಟರ್ ಉದ್ದದ ಅಲೆಗೆ ಅಡಿಕೆ ಮರದ ಕಾಂಡವೂ ಕಾಡಿನ ಎಲೆಯೂ ಅಡ್ಡಿಯಲ್ಲ. ಹೆಂಚಿನ ಮಾಡೂ ಮರದ ಕಿಟಕಿಯೂ ಅದನ್ನು ತಡೆಯಲಾರವು.

ಗುಡ್ಡಗಾಡಿನಲ್ಲಿ ಇನ್ನೊಂದು ಸಂಗತಿಯಿದೆ. ಚಳಿಗಾಲದ ತಿಳಿ ಇರುಳಿನಲ್ಲಿ ತಣ್ಣನೆಯ ಗಾಳಿ ಜಾರಿ ಕಣಿವೆಯ ತಳದಲ್ಲಿ ನಿಲ್ಲುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿಯ ಪದರ ಕೂರುತ್ತದೆ. ಬೆಳಗ್ಗೆ ಕಣಿವೆಯಲ್ಲಿ ಹಾಲಿನಂತೆ ನಿಂತ ಮಂಜನ್ನು ಕಂಡವರಿಗೆಲ್ಲ ಇದು ಪರಿಚಿತ. ಇಂಥ ಇರುಳಿನಲ್ಲಿ ಮೇಲಕ್ಕೆ ಹೋಗಬೇಕಾದ ಸದ್ದು ಬಾಗಿ ಮತ್ತೆ ನೆಲಕ್ಕೆ ಬರುತ್ತದೆ. ಪ್ರವಾಸಿಗಳು ಹೆಚ್ಚಾಗಿ ಬರುವುದೂ ಡಿಸೆಂಬರ್, ಜನವರಿಯ ಇದೇ ರಾತ್ರಿಗಳಲ್ಲಿ.

ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳು 2000ದಿಂದ ಜಾರಿಯಲ್ಲಿವೆ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿಯನ್ನು ಅವು ಗೊತ್ತುಪಡಿಸಿವೆ. ಆದರೆ ಇವು ‘ಎ’ ತೂಕದ ಡೆಸಿಬೆಲ್‌ಗಳು. ಮನುಷ್ಯನ ಕಿವಿ ಮಂದ್ರವನ್ನು ಕಡಿಮೆ ಗ್ರಹಿಸುತ್ತದೆಂಬ ಕಾರಣದಿಂದ ಈ ತೂಕ ಹಾಕಿದ ಮಾಪಕವು 50 ಹರ್ಟ್ಸ್‌ನ ಸದ್ದಿನಲ್ಲಿ 30 ಡೆಸಿಬೆಲ್ ಕಳೆದು ತೋರಿಸುತ್ತದೆ. ಒಂದು ಮೀಟರ್ ದೂರದಲ್ಲಿ 120 ಡೆಸಿಬೆಲ್ ಇರುವ ಗುದ್ದು ತೆರೆದ ಬಯಲಿನಲ್ಲಿ 500 ಮೀಟರ್ ಸಾಗಿದಾಗ ಸುಮಾರು 66 ಡೆಸಿಬೆಲ್ ಉಳಿದಿರುತ್ತದೆ. ಮಲಗಿದವರನ್ನು ಎಬ್ಬಿಸಲು ಅದು ಸಾಕು. ಮಾಪಕ ಮಾತ್ರ 36 ಎನ್ನುತ್ತದೆ, ಅಂದರೆ ಕಾನೂನಿನ ಮಿತಿಯ ಒಳಗೆ! ಹಳ್ಳಿಯವರ ದೂರು ಸುಳ್ಳೆಂದು ತೋರುವುದು ಹೀಗೆ. ಸುಳ್ಳು ದೂರಿನಲ್ಲಿಲ್ಲ, ಅಳತೆಗೋಲಿನಲ್ಲಿದೆ. ಮಂದ್ರ ಧ್ವನಿಗೆ ಪ್ರತ್ಯೇಕ ಮಿತಿಯನ್ನು ನಿಗದಿಪಡಿಸಬೇಕೆಂದು ಗ್ರಾಮಸಭೆಗಳು ನಿರ್ಣಯ ಮಾಡಿ ಸರ್ಕಾರವನ್ನು ಒತ್ತಾಯಿಸುವುದು ಅಗತ್ಯ.

ಅಲ್ಲಿಯವರೆಗೆ ಹಳ್ಳಿಯವರು ಕೈಕಟ್ಟಿ ಕೂರಬೇಕಾಗಿಲ್ಲ. ಅವೇ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕವನ್ನು ಮುಚ್ಚಿದ ಸಭಾಂಗಣಗಳಂಥ ಕಡೆಗಳಲ್ಲಲ್ಲದೆ ಬಳಸುವಂತಿಲ್ಲ. ಹಿಂಬಾಗಿಲು ತೆರೆದು ಗುಡ್ಡದ ಮೇಲೆ ನಿಂತ ಕಾರು ಮುಚ್ಚಿದ ಜಾಗವಲ್ಲ. ಈ ನಿಷೇಧ ಉಲ್ಲಂಘನೆಯಾದಾಗ ದೂರು ಕೊಡಲು ಡೆಸಿಬೆಲ್ಲಿನ ಲೆಕ್ಕ ಬೇಕಾಗಿಲ್ಲ. ಸಮಯವನ್ನು ಬರೆದುಕೊಂಡು 112ಕ್ಕೆ ಕರೆ ಮಾಡಿದರೆ ಸಾಕು. ಯಂತ್ರದಿಂದ ಹಿಗ್ಗಿಸಿದ ಸದ್ದನ್ನು ಒಲ್ಲದವರ ಕಿವಿಗೆ ಹೇರುವುದು ಯಾರ ಮೂಲಭೂತ ಹಕ್ಕೂ ಅಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2005ರ ಜುಲೈ ತಿಂಗಳ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ.

ಮಂದ್ರವನ್ನು ಬಳಸುವ ಇತರರು

ಮಂದ್ರ ಧ್ವನಿ ಮನುಷ್ಯರ ಸೊತ್ತು ಮಾತ್ರವಲ್ಲ. 1984ರಲ್ಲಿ ಕೇಟಿ ಪೇನ್ ಎಂಬ ವಿಜ್ಞಾನಿ ಅಮೆರಿಕದ ಪೋರ್ಟ್‌ಲೆಂಡ್ ಮೃಗಾಲಯದಲ್ಲಿ ಏಷ್ಯಾದ ಆನೆಗಳ ಬಳಿ ನಿಂತಿದ್ದಾಗ ಗಾಳಿಯಲ್ಲಿ ಸದ್ದಿಲ್ಲದ ನಡುಕವೊಂದನ್ನು ಅನುಭವಿಸಿದರು. ಧ್ವನಿಮುದ್ರಿಸಿ ಪರಿಶೀಲಿಸಿದಾಗ ಆನೆಗಳು 14ರಿಂದ 24 ಹರ್ಟ್ಸ್‌ನಷ್ಟು ತಗ್ಗಿನ ಸ್ವರದಲ್ಲಿ ಪರಸ್ಪರ ಮಾತನಾಡುತ್ತಿರುವುದು ಗೊತ್ತಾಯಿತು. ಸಬ್‌ವೂಫರಿನ ಸೀಮೆ ಆರಂಭವಾಗುವುದು ಈ ಸ್ವರಗಳ ಮಗ್ಗುಲಿನಲ್ಲಿಯೇ.

ಸಕಲೇಶಪುರ, ಆಲೂರು, ಕೊಡಗುಗಳ ರೈತರಿಗೆ ಇದು ಪುಸ್ತಕದ ವಿಷಯವಲ್ಲ. ಗದ್ದೆ ಕಾಯುವವನಿಗೆ ಕತ್ತಲೆಯಲ್ಲಿ ಕಣ್ಣಿಲ್ಲ, ಕಿವಿಯೇ ಎಲ್ಲ. ಬಿದಿರು ಮುರಿದ ಸದ್ದು, ಬೇಲಿಯ ಗೂಟ ಬಾಗಿದ ಸದ್ದು, ಹೊಟ್ಟೆಯೊಳಗಿಂದ ಬರುವ ಗುಡುಗುಟ್ಟು, ಇವುಗಳಿಂದ ಆನೆ ಎಷ್ಟು ದೂರದಲ್ಲಿದೆ ಎಂದು ಅವನು ಅಳೆಯುತ್ತಾನೆ. ಮೇಲಿನ ಗುಡ್ಡದಿಂದ ಎಡೆಬಿಡದೆ ಗುದ್ದು ಬೀಳುತ್ತಿದ್ದರೆ ಆ ಸೂಚನೆಗಳು ಮುಳುಗಿಹೋಗುತ್ತವೆ. ಅಲ್ಲಿ ಪಣಕ್ಕಿರುವುದು ನಿದ್ದೆಯಲ್ಲ, ಪ್ರಾಣ.

ಒಂದು ಆಕ್ಷೇಪವನ್ನು ಇಲ್ಲಿಯೇ ಎದುರಿಸಬೇಕು. ಯಕ್ಷಗಾನದ ಚಂಡೆ ದೂರಕ್ಕೆ ಕೇಳಿಸುವುದಿಲ್ಲವೇ? ಮದುವೆ ಮನೆಯ ಡಿ.ಜೆ., ದೇವಸ್ಥಾನ-ಮಸೀದಿಗಳ ಮೈಕು ಸದ್ದು ಮಾಡುವುದಿಲ್ಲವೇ? ಮಾಡುತ್ತವೆ. ಧ್ವನಿವರ್ಧಕದ ನಿಯಮ ಎಲ್ಲರಿಗೂ ಒಂದೇ ಆಗಬೇಕು. ಊರಿನವರು ತಮ್ಮ ಮೈಕಿಗೆ ಕಿವುಡಾಗಿ ಪರವೂರಿನ ಕಾರಿಗೆ ಮಾತ್ರ ಕಣ್ಣು ಕೆಂಪು ಮಾಡಿದರೆ ಆ ಮಾತಿಗೆ ಬೆಲೆಯಿರದು. ಆದರೂ ಒಂದು ವ್ಯತ್ಯಾಸವಿದೆ. ಮೇಳ ಯಾವ ದಿನ ಬರುತ್ತದೆಂದು ಊರಿಗೆ ಮೊದಲೇ ತಿಳಿದಿರುತ್ತದೆ. ಚೌಕಿ ಕಟ್ಟಲು ಊರೇ ಕೈಜೋಡಿಸಿರುತ್ತದೆ. ಕಾರಿನ ಗುದ್ದು ಯಾರನ್ನೂ ಕೇಳಿ ಬರುವುದಿಲ್ಲ.

ಹೋಂಸ್ಟೇಯವರ ಸಂಪಾದನೆಗೆ ಕಲ್ಲು ಬೀಳುತ್ತದೆಂಬ ಮಾತೂ ಇದೆ. ಅತಿಥಿಗಳು ಪೇಟೆಯ ಗದ್ದಲ ಬಿಟ್ಟು ಬರುವುದು ಮಲೆನಾಡಿನ ಮೌನಕ್ಕಾಗಿ. ಒಂದು ಕಾರಿನವರನ್ನು ಮೆಚ್ಚಿಸಲು ಹೋಗಿ ಆ ಮೌನವನ್ನು ಕಳೆದುಕೊಂಡರೆ ನಾಳೆ ಮಾರುವುದಕ್ಕೆ ಏನು ಉಳಿದೀತು?

ಒಳ್ಳೆಯ ಪೆಟ್ಟಿಗೆ ಕಟ್ಟುವ ಬಗೆ

ಪೆಟ್ಟಿಗೆ ಕಟ್ಟುವ ಹುಡುಗರಿಗೆ ಮಲೆನಾಡಿನ ಹವೆಗೆ ತಕ್ಕ ಕೆಲವು ಮಾತುಗಳನ್ನು ಹೇಳಲೇಬೇಕು. ಎಲ್ಲೆಡೆ ಬಳಕೆಯಲ್ಲಿರುವ ಎಂ.ಡಿ.ಎಫ್. ಹಲಗೆ ಕೊಯ್ಯಲು ಸುಲಭ, ಅಗ್ಗ. ಆದರೆ ಅದರ ಅಂಚು ತೇವ ಕುಡಿದರೆ ರೊಟ್ಟಿಯಂತೆ ಉಬ್ಬುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯನ್ನು ಕಾರಿನ ಡಿಕ್ಕಿಯಲ್ಲಿ ಅದು ತಾಳಿಕೊಳ್ಳುವುದು ಕಷ್ಟ. ಅದರ ಅಂಟಿನಿಂದ ಹೊರಬೀಳುವ ಫಾರ್ಮಾಲ್ಡಿಹೈಡ್ ಅನಿಲವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಬಿಸಿಲಿಗೆ ನಿಂತ ಮುಚ್ಚಿದ ಕಾರಿನಲ್ಲಿ ಅದು ಹೆಚ್ಚು ಹೊಮ್ಮುತ್ತದೆ. ಬೆಲೆ ಹೆಚ್ಚಾದರೂ ಐ.ಎಸ್. 710 ಗುರುತಿನ 18 ಮಿಲಿಮೀಟರ್ ದಪ್ಪದ ಮರೈನ್ ಪ್ಲೈವುಡ್ ಇಲ್ಲಿಗೆ ಸೂಕ್ತ. ಸಾಗುವಾನಿ, ಹಲಸು, ಬೀಟೆಯ ಹಲಗೆಗಳ ಆಸೆ ಬೇಡ. ವೀಣೆಗೂ ಮದ್ದಲೆಗೂ ಹಲಸಿನ ಮರ ಒದಗುವುದು ಆ ಮರವೇ ನುಡಿಯಬೇಕೆಂಬ ಕಾರಣಕ್ಕೆ. ಸ್ಪೀಕರಿನ ಪೆಟ್ಟಿಗೆ ನುಡಿಯಬಾರದು. ಮೂಕವಾಗಿರುವುದೇ ಅದರ ಗುಣ. ಅಲ್ಲದೆ ಹಸಿಹಲಗೆ ಋತುವಿನೊಡನೆ ಹಿಗ್ಗಿ ಕುಗ್ಗಿ ಸಂದು ಬಿಡುತ್ತದೆ.

ಪ್ರತಿ ಜೋಡಣೆಗೂ ಅಂಟು ಹಚ್ಚಿ, ಗೇಣಿಗೆರಡರಂತೆ ಸ್ಕ್ರೂ ಬಿಗಿದು, ಒಳಮೂಲೆಗಳಿಗೆ ಸಿಲಿಕೋನ್ ತುಂಬಬೇಕು. ಮುಚ್ಚಿದ ಪೆಟ್ಟಿಗೆಯಲ್ಲಿ ಗಾಳಿ ಸೋರಿದರೆ ಲೆಕ್ಕವೆಲ್ಲ ವ್ಯರ್ಥ. ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿಯನ್ನು ಸಡಿಲವಾಗಿ ಒಳಗಿಟ್ಟರೆ ಪೆಟ್ಟಿಗೆ ಇದ್ದುದಕ್ಕಿಂತ ತುಸು ದೊಡ್ಡದರಂತೆ ವರ್ತಿಸುತ್ತದೆ. ಬ್ಯಾಟರಿಯಿಂದ ಬರುವ ತಂತಿಗೆ ಬ್ಯಾಟರಿಯ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲೇಬೇಕು. ತಗಡಿಗೆ ಉಜ್ಜಿ ತಂತಿಯ ಹೊದಿಕೆ ಹರಿದಾಗ ಕಾರನ್ನು ಬೆಂಕಿಯಿಂದ ಉಳಿಸುವುದು ಅದೊಂದೇ. ಸ್ಪೀಕರ್ ಸಹಿತ 15 ಕಿಲೋ ತೂಗುವ ಪೆಟ್ಟಿಗೆಯನ್ನು ಕಾರಿನ ಮೈಗೆ ಬೋಲ್ಟ್ ಹಾಕಿ ಬಿಗಿಯದಿದ್ದರೆ ಘಾಟಿಯ ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಅದು ಹಿಂದಿನ ಸೀಟಿನ ಮಕ್ಕಳ ಮೇಲೆ ಎರಗೀತು. ಆದರೆ ಬೋಲ್ಟುಗಳು ಕೈಗೆ ಸಿಗುವಂತಿರಲಿ. ಆಗುಂಬೆಯ ಮಳೆಯಲ್ಲಿ ಟೈರು ಪಂಕ್ಚರಾದಾಗ ಸ್ಟೆಪ್ನಿ ಪೆಟ್ಟಿಗೆಯ ಅಡಿಯಲ್ಲಿ ಸಿಕ್ಕಿಕೊಂಡಿರುವುದು ಯಾರಿಗೂ ಬೇಡ.

ಇವೆಲ್ಲವೂ ಐ.ಟಿ.ಐ.ಗಳಲ್ಲಿ, ಕಾಲೇಜುಗಳ ವಿಜ್ಞಾನ ಸಂಘಗಳಲ್ಲಿ ಕಲಿಸತಕ್ಕ ಸಂಗತಿಗಳು. ಅಲೆ, ಒತ್ತಡ, ವರ್ಗಮೂಲ, ವಿದ್ಯುತ್ ಪ್ರವಾಹ ಎಲ್ಲವೂ ಒಂದು ಮರದ ಪೆಟ್ಟಿಗೆಯಲ್ಲಿ ಸಿಗುವಾಗ ಅದಕ್ಕಿಂತ ಒಳ್ಳೆಯ ಪಾಠ ಯಾವುದಿದೆ? ಲೆಕ್ಕ ಬಲ್ಲ ಹುಡುಗ ಗಿರಾಕಿಯ ಮುಂದೆ ಧೈರ್ಯವಾಗಿ ನಿಲ್ಲಬಲ್ಲ. “ಊರಿಗೆಲ್ಲ ಕೇಳಿಸಬೇಕು” ಎಂದು ಬಂದವನಿಗೆ, “ನಿಮ್ಮ ಕಿವಿಗೆ ಇಷ್ಟು ಸಾಕು ಸಾರ್, ಬಾಗಿಲು ಹಾಕಿ ಕೇಳಿ ನೋಡಿ” ಎಂದು ಹೇಳುವ ಅಧಿಕಾರ ಅವನ ವಿದ್ಯೆಯಿಂದಲೇ ಬರುತ್ತದೆ. ಕಣಿವೆಯ ನಿದ್ದೆಯನ್ನು ಕಾಯುವುದರಲ್ಲಿ ಪೊಲೀಸರಿಗಿಂತ ಮೊದಲಿನ ಪಾಲು ಅವನದು.

ಪೆಟ್ಟಿಗೆ ಸಿದ್ಧವಾದ ಮೇಲೆ ಒಂದು ಪರೀಕ್ಷೆ ಮಾಡಬಹುದು. ಹಾಡು ಹಚ್ಚಿ, ಕಾರಿನ ಬಾಗಿಲುಗಳನ್ನೆಲ್ಲ ಮುಚ್ಚಿ, ಐವತ್ತು ಹೆಜ್ಜೆ ದೂರ ನಡೆಯಬೇಕು. ಅಲ್ಲಿ ಜೀರುಂಡೆಯ ಸದ್ದು ಕೇಳಿಸಿದರೆ ಪೆಟ್ಟಿಗೆ ಚೆನ್ನಾಗಿದೆ. ಗುದ್ದು ಕೇಳಿಸಿದರೆ ಹಿಂದಿರುಗಿ ಗುಂಡಿ ತಿರುಗಿಸಬೇಕು.